ಚರಗ ಚೆಲ್ಲಿದ ಡ್ರೋನು

ಡ್ರೋನು ಬಿದ್ದದ್ದು ಎಳ್ಳಮಾವಾಸ್ಯೆಯ ಮಧ್ಯಾಹ್ನ. ಅದರ ಧಣಿ ಕೊಟ್ರೇಶ ಬಿದ್ದದ್ದು ಮೂರು ದಿನ ತಡವಾಗಿ, ರೋಣದ ವಿಮಾ ಏಜೆಂಟ್ ಗುರುಪಾದನ ಕಚೇರಿಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಲ್ಲೇ. ಡ್ರೋನಿನ ಎರಡು ರೆಕ್ಕೆ, ಒಂದು ಕಾಲು ಮುರಿದಿದ್ದವು. ಕೊಟ್ರೇಶನಿಗೆ ಮುರಿದದ್ದೇನು ಎಂದು ಬರೆಯಲು ಫಾರ್ಮಿನಲ್ಲಿ ಜಾಗ ಇರಲಿಲ್ಲ.

ಕೊಟ್ರೇಶನಿಗೆ ಗಜೇಂದ್ರಗಡದಲ್ಲಿ ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ, ನರೇಗಲ್ಲಿನಾಚೆ ಹದಿನಾರು ಎಕರೆ ಕಪ್ಪು ಎರಿಮಣ್ಣಿನ ಹೊಲ. ವಯಸ್ಸು ನಲವತ್ತು ದಾಟಿತ್ತು, ಹುಕಿ ಮಾತ್ರ ಹದಿನಾಲ್ಕರಲ್ಲೇ ನಿಂತಿತ್ತು. ನರಗುಂದದಲ್ಲಿ ಬೀಗರ ಮದುವೆಗೆ ಹೋದವನು ಅಕ್ಷತೆ ಹಾಕುವುದನ್ನೂ ಮರೆತು, ಮದುಮಕ್ಕಳ ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಡ್ರೋನನ್ನೇ ನೋಡುತ್ತ ನಿಂತ. ತಿಂಗಳೊಳಗೆ ತನ್ನದೊಂದು ತಂದ. ತಂದವನು ಮೊದಲು ಅದನ್ನು ಹಾರಿಸಲಿಲ್ಲ, ಅಂಗಡಿಯ ತಕ್ಕಡಿಗೆ ಹಾಕಿದ. ಇನ್ನೂರ ನಲವತ್ತೊಂಬತ್ತು ಗ್ರಾಂ! ಪಾವು ಕಿಲೋಗೆ ಒಂದೇ ಗ್ರಾಂ ಕಮ್ಮಿ. ಕಾಯ್ದೆಯ ಬಿಗಿಯೆಲ್ಲ ಪಾವು ಕಿಲೋ ದಾಟಿದ ಮೇಲೇ ಎಂದು ತಿಳಿದಾಗ, ಅದನ್ನು ತಯಾರಿಸಿದವನ ಬಗ್ಗೆ ಕೊಟ್ರೇಶನಿಗೆ ವ್ಯಾಪಾರಸ್ಥನ ಗೌರವ ಹುಟ್ಟಿತು. ಒಂದು ಗ್ರಾಮಿನ ಮಹಿಮೆಯನ್ನು ಅಡತಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ವಿಮೆ ಮಾಡಿಸಲು ಹೋದಾಗ ಗುರುಪಾದ ಬೆರಳು ಮಡಿಚಿದ್ದ.

“ಮೂರು ನಮೂನಿ ಅದಾವ, ಕೊಟ್ರೇಶಣ್ಣ. ಒಂದನೇದು, ಡ್ರೋನ್ ಮಂದಿ ಮ್ಯಾಲ ಬಿದ್ರ ಆ ಮಂದೀದು. ಎರಡನೇದು, ಡ್ರೋನ್ ಮುರದ್ರ ಡ್ರೋನಿಂದು. ಮೂರನೇದು, ಹಾರಸೂ ಮುಂದ ನಿಮಗ ಏನರ ಆದ್ರ ನಿಮ್ಮದು. ಇಷ್ಟ ಸಣ್ಣದಕ್ಕ ಒಂದನೇದು ಕಡ್ಡಾಯ ಇಲ್ಲ. ಆದ್ರೂ ಮೊದಲ ಅದನ್ನ ತಗೋರಿ ಅಂತೀನಿ ನಾ.”

“ಎರಡನೇದು, ಮೂರನೇದು ಹಾಕು. ಮುಗಲಾಗ ಯಾವ ಮಂದಿ ಇರ್ತಾರೋ? ಕಾಗಿ ಬಂದು ಕ್ಲೇಮ್ ಕೇಳತಾವೇನು?”

ಗಿರಾಕಿಯ ಜೋಕು ಹಳಸಿದ್ದರೂ ನಗಬೇಕು. ಗುರುಪಾದ ನಕ್ಕ. ಹೀಗೆ ಡ್ರೋನಿಗೊಂದು ಕವಚ ಬಂತು, ಕೊಟ್ರೇಶನಿಗೊಂದು ಕವಚ ಬಂತು. ಕೆಳಗೆ ಓಡಾಡುವವರಿಗೆ ಅವರವರ ತಲೆಬುರುಡೆಯೇ ಕವಚ.

ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಎಣ್ಣಿಗಾಯಿ, ಮೊಸರನ್ನ. ಎಲ್ಲದರಲ್ಲೂ ಒಂದೊಂದು ತುತ್ತು ತೆಗೆದು ಕಲಸಿದರೆ ಅದು ಚರಗ, ಭೂಮಿತಾಯಿಯ ಪಾಲು. ಮೂವತ್ತು ವರ್ಷದಿಂದ ಆ ಹೊಲದಲ್ಲಿ ದುಡಿಯುವ ಹೊಳಿಯಪ್ಪ “ಹುಲ್ಲುಲ್ಲಿಗೋ” ಎನ್ನುತ್ತ ಬೆಳೆಯ ಸುತ್ತ ಚರಗ ಚೆಲ್ಲಿಕೊಂಡು ಹೋಗುವುದು, ಅವನ ಹೆಂಡತಿ ಕಳಕವ್ವ ತಂಬಿಗೆಯಿಂದ ನೀರು ಚಿಮುಕಿಸುತ್ತ “ಚಲಾಂಬ್ರಿಗೋ” ಎಂದು ಹಿಂದೆ ನಡೆಯುವುದು ವಾಡಿಕೆ. ಉಣ್ಣಲು ಕೊಟ್ಟ ಮೇಲೆ ನೀರು ಕೊಡದೆ ಇರುತ್ತಾರೆಯೇ?

“ಹೊಳಿಯಪ್ಪಾ, ಈ ವರ್ಷ ನೀ ಕುಂಡ್ರು. ಚರಗ ಮುಗಲಿಂದ ಚೆಲ್ಲೂಣು,” ಎಂದ ಕೊಟ್ರೇಶ. ಡ್ರೋನಿನ ಹೊಟ್ಟೆಗೆ ದಾರದಿಂದ ಒಂದು ಸ್ಟೀಲ್ ಬಟ್ಟಲು ಕಟ್ಟಿದ್ದ.

“ತಾಯಿಗೆ ಕೈಲೆ ಉಣಸೂದು ಚಲೋರಿ, ಧಣ್ಯಾರ.”

“ತಾಯಿ ಏನ್ ಕೈ ನೋಡತಾಳೇನೋ? ತುತ್ತು ನೋಡತಾಳ.”

ಬಟ್ಟಲು ಓಲಾಡಿತು, ಕಡಲೆಯ ಮೇಲೆ ಅನ್ನ ಉದುರಿತು, ಕೊಟ್ರೇಶ ಕುಣಿದಾಡಿದ. ಅವನ ಲೆಕ್ಕಕ್ಕೆ ಬಾರದ ಸಂಗತಿ ಒಂದೇ. ಚರಗದ ಹಿಂದೆ ನೀರು ಹೋಗಲೇಬೇಕು. ಮುಂದೆ ಗಂಡ ಇಲ್ಲದಿದ್ದರೇನು, ಡ್ರೋನು ಇದೆಯಲ್ಲ! ಕಳಕವ್ವ ತಂಬಿಗೆ ಹಿಡಿದು, ತಲೆ ಎತ್ತಿಕೊಂಡು, “ಚಲಾಂಬ್ರಿಗೋ” ಎನ್ನುತ್ತ ಅದರ ಬೆನ್ನು ಹತ್ತಿದಳು. ಗಾಳಿ ಒಂದು ಸಲ ಬೀಸಿತು. ಬಟ್ಟಲು ಒಂದು ಕಡೆ ಜಗ್ಗಿತು, ಡ್ರೋನು ಇನ್ನೊಂದು ಕಡೆ. ಎರಡೂ ಕೂಡಿ ಕಳಕವ್ವನ ಹಣೆಗೆ ಬಂದು ಬಡಿದವು.

ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಹೊಳಿಯಪ್ಪ ದಾರಿಯಲ್ಲಿ ಸಿಕ್ಕ ಟಂಟಂ ರಿಕ್ಷಾದಲ್ಲಿ ಅವಳನ್ನು ನರೇಗಲ್ಲಿನ ದವಾಖಾನೆಗೆ ಕರೆದೊಯ್ದ. ಕೊಟ್ರೇಶ ಡ್ರೋನನ್ನು ಟವೆಲ್ಲಿನಲ್ಲಿ ಸುತ್ತಿ, ಬಾಣಂತಿ ಕೂಸನ್ನು ಒಯ್ಯುವಂತೆ ಮನೆಗೆ ಒಯ್ದ. ಅವತ್ತಿನಿಂದ ತಾಯಿ ನೀಲವ್ವ ಅವನಿಗೆ ಊಟಕ್ಕೆ ಬಡಿಸುತ್ತಿದ್ದಳು, ಮಾತು ಮಾತ್ರ ಬಡಿಸುತ್ತಿರಲಿಲ್ಲ.

ಮೂರು ದಿನದ ಮೇಲೆ ಕೊಟ್ರೇಶ ಮುಂದೆ ಕೂತು ಎಲ್ಲ ಒಪ್ಪಿಸಿದಾಗ ಗುರುಪಾದ ತಲೆ ಕೆರೆದುಕೊಂಡ.

“ಏನರ ಕಟ್ಟಿ ಚೆಲ್ಲಿದ್ರ ಕ್ಲೇಮ್ ಬರೂದಿಲ್ಲಣ್ಣ, ಪಾಲಿಸಿಯೊಳಗ ಬರದೈತಿ. ಸಾಲದ್ದಕ್ಕ ಬಟ್ಟಲಾ ಕಟ್ಟಿ ಪಾವು ಕಿಲೋ ದಾಟಿಸಿರಿ. ಅಂದ್ರ ಒಂದನೇದು, ಆ ಮಂದೀದು, ಕಡ್ಡಾಯ ಆಗಿತ್ತು. ಮೊದಲ ವೀಡಿಯೋ ನೋಡೂಣು. ಜಬೀನ, ಹಚ್ಚವಾ.”

ಮೇಜಿನಾಚೆ ಕೂತಿದ್ದ ಗುಮಾಸ್ತೆ ಜಬೀನ ಡ್ರೋನಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದಳು. ಚಿತ್ರ ಇತ್ತು, ಸದ್ದು ಇರಲಿಲ್ಲ. ಹಸಿರು ಹೊಲ, ಆಕಾಶ, ಕಳಕವ್ವನ ಎತ್ತಿದ ಮುಖ, ಆಮೇಲೆ ಕಪ್ಪು ಮಣ್ಣು. ಎಲ್ಲ ಮುಗಿಯಿತು ಎಂದುಕೊಂಡರೆ ಮುಗಿದಿರಲಿಲ್ಲ. ಬಿದ್ದ ಡ್ರೋನು ಕಣ್ಣು ಮುಚ್ಚಿರಲಿಲ್ಲ.

ಪರದೆಯಲ್ಲಿ ದೂರದಿಂದ ಕೊಟ್ರೇಶ ಓಡಿ ಬಂದ. ಕಳಕವ್ವ ಹಣೆ ಹಿಡಿದು ಕಡಲೆಯ ಸಾಲಿನಲ್ಲಿ ಕೂತಿದ್ದಳು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಕೊಟ್ರೇಶ ಅವಳನ್ನು ಬಳಸಿಕೊಂಡು ಬಂದ. ದಾಟುವಾಗ ಅವಳ ಸೆರಗು ತುಳಿದ. ಅವನ ಮುಖ ಪರದೆಯ ತುಂಬ ತುಂಬಿಕೊಂಡಿತು. ತುಟಿ ಮುಂದೆ ಮಾಡಿ ಗಾಜಿನ ಮೇಲಿನ ಧೂಳನ್ನು ಉಫ್ ಉಫ್ ಎಂದು ಊದಿದ. ಅವನ ಕಿವಿಯ ಪಕ್ಕದಲ್ಲಿ, ಸಣ್ಣದಾಗಿ, ಕಳಕವ್ವ. ಇನ್ನೂ ಹಿಂದೆ ನೀಲವ್ವ ಓಡಿ ಬರುತ್ತ ಏನೋ ಕೂಗುತ್ತಿದ್ದಳು. ಸದ್ದಿಲ್ಲದಿದ್ದರೂ ಕೊಟ್ರೇಶನಿಗೆ ಈಗ ಕೇಳಿಸಿತು: “ಮೊದಲ ಅಕೀನ್ನ ನೋಡೋ!”

“ಸರ್ರ, ಹಿಂದ ಕುಂತ ಅಜ್ಜಿ ಯಾರ್ರಿ?” ಎಂದಳು ಜಬೀನ. “ನಿಮ್ಮನ್ನ ನೋಡಾಕತ್ತಾಳ್ರಿ.”

ಕೊಟ್ರೇಶ ಫ್ಯಾನ್ ಕಡೆ ನೋಡಿದ. ಅಂಥ ಚಳಿಯಲ್ಲಿ ಅದು ತಿರುಗುತ್ತಿರಲಿಲ್ಲ.

ಗುರುಪಾದ ಕೆಮ್ಮಿದ. “ವೀಡಿಯೋ ಮುಗಲು ಕಾಣೂತನಾ ಇಟ್ಟು, ಮುಂದಿಂದು ಕತ್ತರಿಸಿದ್ರಾತು. ಬೆಳಿ ಫೋಟೋ ತಗೀವಾಗ ಗಾಳಿಗೆ ಬಿತ್ತು, ಏನೂ ಕಟ್ಟಿರಲಿಲ್ಲ, ಯಾರಿಗೂ ಪೆಟ್ಟಾಗಿಲ್ಲ ಅಂತ ಒಂದು ಹಾಳಿ ಬರೀತೀನಿ. ಅಲ್ಲಿದ್ದವರದ ಒಂದು ಸಾಕ್ಷಿ ಬೇಕು. ಆ ಮುದುಕೀದಾ ಹಾಕಸ್ರಿ. ನಾಳೆ ಅಕಿ ತಕರಾರು ತಗೀದಂಗೂ ಆಗತೈತಿ.”

ಅಲ್ಲೇ ಬೇಡ ಎನ್ನಬಹುದಿತ್ತು. ಕೊಟ್ರೇಶ ಗುರುಪಾದ ಬರೆದುಕೊಟ್ಟ ಹಾಳೆಯನ್ನು ಮಡಿಚಿ ಕಿಸೆಗೆ ಹಾಕಿಕೊಂಡ. ಅದೂ ಈ ಕತೆಯಲ್ಲಿ ಬರೆಯಬೇಕಾದ ಮಾತೇ.

ನರೇಗಲ್ಲಿನಲ್ಲಿ ಹೊಳಿಯಪ್ಪನ ಮನೆಗೆ ಹೋದಾಗ ಕಳಕವ್ವ ಬಾಗಿಲಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಹಣೆಗೆ ಬಿಳಿ ಪಟ್ಟಿ, ಅದರ ಕೆಳಗೆ ಬಾತ ಕಣ್ಣು. ದಡಬಡಿಸಿ ಎದ್ದು ಕಂಬಳಿ ಹಾಸಿದಳು.

“ಬರ್ರಿ ಧಣ್ಯಾರ, ಕುಂಡರ್ರಿ. ನಿಮ್ಮ ಇಮಾನದ ರೆಕ್ಕಿ ಜೋಡಾದವೇನ್ರಿ? ಪಾಪ, ಭಾಳ ಆಸೇಲೆ ತಂದಿದ್ರಿ.”

ಕೊಟ್ರೇಶನಿಗೆ ಬೈಗುಳ ತಿನ್ನುವ ತಯಾರಿ ಇತ್ತು. ಇದಕ್ಕೆ ತಯಾರಿ ಇರಲಿಲ್ಲ.

“ಒಂದು ಹಾಳಿಗೆ ಹೆಬ್ಬೆಟ್ಟ ಬೇಕಾಗಿತ್ತಬೇ,” ಎಂದ.

“ಒತ್ತಿದ್ರಾತು. ಏನ್ ಬರದೈತಿ, ಓದ್ರೆಲಾ.”

ಓದಿದ. ‘ಗಾಳಿಗೆ ಬಿತ್ತು’ ಎನ್ನುವವರೆಗೆ ದನಿ ಗಟ್ಟಿಯಾಗಿತ್ತು. ಮುಂದಿನ ಸಾಲನ್ನು ಬಾಯೊಳಗೇ ನುಂಗಿದ.

“ಆ ಕಡೀ ಮಾತು ತಿಳೀಲಿಲ್ರಿ.”

“ಯಾರಿಗೂ... ಪೆಟ್ಟಾಗಿಲ್ಲ ಅಂತ.”

ಕಳಕವ್ವನ ಕೈ ತಾನಾಗಿಯೇ ಹಣೆಯ ಪಟ್ಟಿಗೆ ಹೋಗಿ, ಅಷ್ಟೇ ಬೇಗ ಕೆಳಗಿಳಿಯಿತು. “ಹೂಂ, ಎಲ್ಲಿ ಒತ್ತಲಿ?” ಎಂದಳು. ಆಮೇಲೆ ಏನೋ ನೆನಪಾದಂತೆ, “ಚರಗದ ಚಿಂತಿ ಬ್ಯಾಡ್ರಿ. ಅರ್ಧಾ ಹೊಲ ಉಳದಿತ್ತಲ್ರಿ, ಮರುದಿನ ನಾವಿಬ್ಬರೂ ಹೋಗಿ ಚೆಲ್ಲಿ ಬಂದ್ವಿ. ತಾಯಿ ಅರಹೊಟ್ಟಿ ಇರಬಾರದ್ರಿ,” ಎಂದಳು.

ಹೊಲ ಕೊಟ್ರೇಶನದು. ಅವನಿಗೆ ಆ ಉಳಿದ ಅರ್ಧದ ನೆನಪೇ ಬಂದಿರಲಿಲ್ಲ. ಹೊಲಿಗೆ ಹಸಿ ಇದ್ದಾಗಲೇ ಇವಳು ತಂಬಿಗೆ ಹಿಡಿದು ಆ ಸಾಲುಗಳಲ್ಲಿ ನಡೆದಿದ್ದಳು. ಮಸಿ ಡಬ್ಬಿ ತೆಗೆಯಲು ಕಿಸೆಗೆ ಹೋದ ಕೈ ಅಲ್ಲೇ ನಿಂತಿತು. ಹೆಬ್ಬೆರಳು ಮುಂದೆ ಮಾಡಿ ಅವಳು ಕಾಯುತ್ತಿದ್ದಳು.

“ಹೊಲಗಿ ಯಾವಾಗ ಬಿಚ್ಚತಾರಬೇ?” ಎಂದ.

“ನಾಡದ ಮುಂಜಾನಿ.”

“ನಾ ಬರತೀನಿ ಕರಕೊಂಡು ಹೋಗಾಕ.” ಹಾಳೆ ಮರಳಿ ಕಿಸೆಗೆ ಹೋಯಿತು. ಹರಿದು ಎಸೆಯುವ ಧೈರ್ಯ ಅವತ್ತೂ ಬರಲಿಲ್ಲ.

ಆ ಮುಂಜಾನೆ ದವಾಖಾನೆಯಲ್ಲಿ ಸಂತೆಯಷ್ಟು ಮಂದಿ. ಅರ್ಧದಷ್ಟು ಜನ ಕೊಟ್ರೇಶನ ಅಂಗಡಿಗೆ ಕಡಲೆ, ಕುಸುಬೆ ಹಾಕುವವರು. “ನಮಸ್ಕಾರ್ರಿ ಸಾವ್ಕಾರ್ರ” ಎಂದು ಜಾಗ ಬಿಟ್ಟರು. ನರ್ಸಮ್ಮ ಹಳೆಯ ಚೀಟಿ ನೋಡಿದಳು.

“ಇಲ್ಲಿ ಬಿದ್ದು ಗಾಯ ಅಂತ ಐತಿ. ಎಲ್ಲಿ ಬಿದ್ದಿದ್ಯಬೇ?”

“ಹೊಲದಾಗ ಎಡವಿ ಬಿದ್ನೆವಾ,” ಎಂದಳು ಕಳಕವ್ವ ತಟ್ಟನೆ, ಕೊಟ್ರೇಶನ ಕಡೆ ನೋಡದೆ. ಹೆಬ್ಬೆಟ್ಟು ಇಲ್ಲದೆಯೇ ಅವಳು ಸಾಕ್ಷಿ ಹೇಳಿ ಮುಗಿಸಿದ್ದಳು.

ಕೊಟ್ರೇಶ ಕಿಸೆಯ ಮೇಲಿನಿಂದಲೇ ಹಾಳೆಯನ್ನು ಮುಟ್ಟಿದ. ಸುಮ್ಮನಿದ್ದರೆ ಎಲ್ಲ ಸುಸೂತ್ರ. ಹೇಳಿದರೆ ಡ್ರೋನಿನ ದುಡ್ಡೂ ಹೋಯಿತು, ಮಾನವೂ ಹೋಯಿತು.

“ಇಲ್ರಿ,” ಎಂದ. ದನಿ ಯಾರದೋ ಎಂಬಂತೆ ಕೇಳಿತು. “ಅಕಿ ಬಿದ್ದಿಲ್ರಿ. ಬಿದ್ದಿದ್ದು ನನ್ನ ಡ್ರೋನು. ಅಕೀ ಹಣಿ ಮ್ಯಾಲ. ಹಂಗಂತ ಬರೀರಿ.”

ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಯಾರೋ ತಂಬಾಕು ತಿಕ್ಕುವುದನ್ನೂ ನಿಲ್ಲಿಸಿದರು. ಕಳಕವ್ವ, “ಇರ್ಲಿ ಬಿಡ್ರೆಲಾ ಧಣ್ಯಾರ,” ಎಂದು ಅವನ ತೋಳು ಹಿಡಿದು ಜಗ್ಗಿದಳು.

ನರ್ಸಮ್ಮ ಪೆನ್ನು ಎತ್ತಿ, ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಅವತ್ತ ಈಕಿನ್ನ ಮುದುಕಪ್ಪ ಒಬ್ಬಾಂವನ ಕರಕೊಂಡು ಬಂದಿದ್ದ, ಸೆರಗೆಲ್ಲಾ ರಗತ. ಆವಾಗ ನೀವೆಲ್ಲಿದ್ರಿ?”

ಕೊಟ್ರೇಶ ನೆಲ ನೋಡಿದ. ಕಳಕವ್ವನ ಸೆರಗಿನ ಅಂಚಿನಲ್ಲಿ, ತೊಳೆದರೂ ಹೋಗದೆ, ಅವನ ಚಪ್ಪಲಿಯ ಎರಿಮಣ್ಣಿನ ಗುರುತೊಂದು ಉಳಿದಿತ್ತು.

“ಡ್ರೋನ್ ಎತ್ತಾಕ ಹೋಗಿದ್ನಿರಿ,” ಎಂದ.