ಉಳಿದದ್ದು ಆರನೇ ಪುಟದಲ್ಲಿ

೧

ಈ ಕಥೆಯನ್ನು ಹೇಗೆ ಶುರು ಮಾಡಲಿ? ಭಯದಿಂದ ಕೇಳುತ್ತಿದ್ದೇನೆ. ಬೇರೆಯವರು ಬರೆದದ್ದರಿಂದ ಒಂದು ಸಾಲನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಿಟ್ಟುಬಿಡುವುದು ಎರಡು ವರ್ಷದಿಂದ ನನ್ನ ಕೆಲಸ. ಸಾಮಾನ್ಯವಾಗಿ ಅದು ಮೊದಲ ಸಾಲೇ ಆಗಿರುತ್ತದೆ. ಅಂಥ ಸಾಲು ಒಬ್ಬರ ಮನೆಯೊಳಗೆ ಹೋಗಿ ಏನು ಮಾಡಬಲ್ಲದು ಎಂದು ಕಣ್ಣಾರೆ ಕಂಡವಳು ತನ್ನ ಮೊದಲ ಸಾಲನ್ನು ಸಲೀಸಾಗಿ ಬರೆಯಲಾರಳು. ಆದ್ದರಿಂದ, ಓದುಗರೇ, ಈ ಪ್ಯಾರಾದಲ್ಲಿ ಎತ್ತಿಕೊಂಡು ಹೋಗುವಂಥದ್ದು ಏನೂ ಇಲ್ಲ. ಬೇಕೆಂದೇ ಸಪ್ಪೆ ಮಾಡಿದ್ದೇನೆ.

(ನಾಲ್ಕು ಸಲ ತಿದ್ದಿದೆ. ಎರಡನೇ ಸಲ ಇದಕ್ಕಿಂತ ಚೆನ್ನಾಗಿತ್ತು.)

೨

ಕೆಲಸ ಏನೆಂದು ಹೇಳಿಬಿಡುತ್ತೇನೆ. ನಮ್ಮದು ಹಳೆಯ ಪತ್ರಿಕೆ. ಮೂವತ್ತೊಂದು ವರ್ಷ ಅದರಲ್ಲಿ ಸಂಗೀತ ವಿಮರ್ಶೆ ಬರೆದವರು ಒಬ್ಬರೇ. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಬರೆದದ್ದೆಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿನಲ್ಲಿ ಕೂತಿದೆ. ಅದರಿಂದ ದಿನಕ್ಕೆ ಆರು ರೀಲ್ಸ್ ಮಾಡುವುದು ನನ್ನ ಪಾಲು. ಒಂದೊಂದೂ ಇಪ್ಪತ್ತೈದು ಸೆಕೆಂಡು. ಕಪ್ಪು ಪರದೆ, ಒಂದೊಂದೇ ಪದವಾಗಿ ಮೂಡುವ ಬಿಳಿ ಅಕ್ಷರ, ಹಿನ್ನೆಲೆಯಲ್ಲಿ ಎಲ್ಲಿಂದಲೋ ತಂದ ತಂತಿವಾದ್ಯದ ತುಣುಕು, ಕೊನೆಗೆ ನಮ್ಮ ಪತ್ರಿಕೆಯ ಗುರುತು.

ನಮ್ಮ ವಿಭಾಗದ ಮುಖ್ಯಸ್ಥರು ಊಟದ ಬಿಡುವನ್ನೂ ಸೆಕೆಂಡಿನಲ್ಲೇ ಹೇಳುವವರು. ಎಲ್ಲರೂ ಅವರನ್ನು ಸೆಕೆಂಡು ಸರ್ ಎನ್ನುತ್ತೇವೆ. ಅವರಿಗೂ ಗೊತ್ತು.

"ಹೊಗಳಿಕೆಗೆ ಯಾರ ಬೆರಳೂ ನಿಲ್ಲಲ್ಲಮ್ಮ," ಎಂದು ಮೊದಲ ದಿನವೇ ಹೇಳಿಕೊಟ್ಟರು. "ಚುಚ್ಚೋ ಸಾಲು ಹುಡುಕು. ಮೊದಲ ಮೂರು ಸೆಕೆಂಡಿನಲ್ಲಿ ರಕ್ತ ಬರಬೇಕು."

ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ವಿಮರ್ಶಕರು ಚುಚ್ಚುವ ಸಾಲನ್ನು ಯಾವಾಗಲೂ ಮೊದಲಿಗೇ ಇಡುತ್ತಿದ್ದರು. 'ಕೊಳಲಿನವರು ಬಂದರು, ಕುಳಿತರು, ಕೊಳಲೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಸರಿಮಾಡಿಕೊಂಡರು.' ಇದನ್ನು ಲಕ್ಷ ಜನ ನೋಡಿದರು. ಎರಡು ವರ್ಷ ಹೀಗೇ ನಡೆಯಿತು. ಅವರು ಯಾಕೆ ಹಾಗೆ ಶುರು ಮಾಡುತ್ತಾರೆ ಎಂದು ಒಮ್ಮೆಯೂ ನಾನು ಯೋಚಿಸಲಿಲ್ಲ.

ಆಮೇಲೆ ಇಪ್ಪತ್ತಾರು ವರ್ಷ ಹಳೆಯ ಒಂದು ವಿಮರ್ಶೆ ಕೈಗೆ ಬಂತು. ಒಬ್ಬ ಗಾಯಕಿಯ ಕಾರ್ಯಕ್ರಮದ ಬಗ್ಗೆ. ಮೊದಲ ಸಾಲು: 'ಈ ಧ್ವನಿಗೆ ಯಾರಾದರೂ ಮನೆಗೆ ಹೋಗಿ ಮಲಗಿಕೋ ಎಂದು ಹೇಳಬೇಕಿತ್ತು.'

ನಾಲ್ಕು ದಿನದಲ್ಲಿ ಒಂಬತ್ತು ಲಕ್ಷ ಜನ ನೋಡಿದರು. ಕೆಳಗೆ ಬರೀ ನಗುವ ಮುಖಗಳು. ಯಾರೋ ಆ ಸಾಲನ್ನು ತಮ್ಮ ನಾಯಿಯ ಬೊಗಳಿಕೆಗೆ ಸೇರಿಸಿದರು. ಇನ್ಯಾರೋ ಗಾಯಕಿಯ ಹಳೆಯ ಫೋಟೋ ಹುಡುಕಿ ಅಂಟಿಸಿದರು. ಐದನೇ ದಿನ ಕಚೇರಿಗೆ ಒಂದು ಫೋನ್ ಬಂತು. ಗಾಯಕಿಯ ತಂಗಿ. ಅಕ್ಕ ಬದುಕಿದ್ದಾಳೆ, ಹನ್ನೊಂದು ವರ್ಷದ ಮೇಲೆ ಮುಂದಿನ ತಿಂಗಳು ವೇದಿಕೆ ಹತ್ತುವವಳಿದ್ದಳು, ಈಗ ಆಗಲ್ಲ ಅನ್ನುತ್ತಿದ್ದಾಳೆ, ಇಷ್ಟು ತಿಳಿಸೋಣ ಅಂತ ಮಾಡಿದೆ, ಎಂದು ಹೇಳಿ ಇಟ್ಟುಬಿಟ್ಟರು. ಬೈಯಲಿಲ್ಲ.

೩ (ಬಿಟ್ಟುಬಿಟ್ಟ ಕರಡು)

ಮೊದಲ ಕರಡಿನಲ್ಲಿ ವಿಮರ್ಶಕರು ತೀರಿಕೊಂಡಿದ್ದರು. ಗಂಭೀರವಾಗಿ ಬರೆದಿದ್ದೆ. ಖಾಲಿ ಕುರ್ಚಿ, ಕನ್ನಡಕ, ಟಿಪ್ಪಣಿ ಪುಸ್ತಕ, ಎಲ್ಲ ಇತ್ತು. ಅವರು ಒಪ್ಪಲಿಲ್ಲ.

"ನನ್ನನ್ನ ಯಾಕಮ್ಮ ಸಾಯಿಸಿದೆ?"

"ಕಥೆಗೆ ಅನುಕೂಲ ಅಂತ, ಸರ್."

"ಕಥೆಗಲ್ಲ, ನಿನಗೆ ಅನುಕೂಲ. ಬದುಕಿದ್ದರೆ ಒಂದು ಪ್ರಶ್ನೆ ಕೇಳ್ತೀನಲ್ಲ, ಅದಕ್ಕೆ. ಅದೂ ಅಲ್ಲದೆ ನನಗೆ ಕನ್ನಡಕ ಇಲ್ಲ."

(ಸಾಯಿಸಿದ ಮಾತು ನಾನು ಸೇರಿಸಿದ್ದು. ಆ ರೀಲ್ ನೋಡಿ ಅವರು ಫೋನ್ ಮಾಡಿದ್ದು, ಪ್ರಶ್ನೆ ಕೇಳಿದ್ದು ನಿಜ. ಕನ್ನಡಕ ಇಲ್ಲದಿರುವುದೂ ನಿಜ.)

"ನಾನು ಕೇಳಿದ ಕ್ರಮದಲ್ಲೇ ಬರೀತಿದ್ದೆ," ಎಂದರು. "ಕೂತ ತಕ್ಷಣ ಏನನ್ನಿಸಿತೋ ಅದು ಮೊದಲು. ತಲೆನೋವು, ಹಟ, ಕೊಂಕು, ಏನಿದ್ದರೂ ಸರಿ. ಆಮೇಲೆ ಹಾಡಿದವರು ಅದನ್ನ ಹೇಗೆ ಸುಳ್ಳು ಮಾಡಿದರು ಅನ್ನೋದು. ಕೆಲವರು ಮಾಡ್ತಿರಲಿಲ್ಲ, ಅವರದ್ದು ಮೂರನೇ ಪುಟಕ್ಕೇ ಮುಗೀತಿತ್ತು. ಮಾಡಿದವರದ್ದು ಮುಂದುವರೀತಿತ್ತು. ನೀನು ಆರನೇ ಪುಟ ನೋಡಿದೆಯಾ?"

ಪ್ರಶ್ನೆ ಅದು.

೪

ಮೂರನೇ ಪುಟದಲ್ಲಿ ಸಂಗೀತಕ್ಕೆ ಇದ್ದದ್ದು ಅಂಗೈಯಗಲ ಜಾಗ. ಅಷ್ಟರಲ್ಲಿ ಹಿಡಿಯದಿದ್ದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ಉಳಿದದ್ದು ೬ನೇ ಪುಟದಲ್ಲಿ' ಎಂದು ಹಾಕಿ, ಅಲ್ಲಿ ಜಾಹೀರಾತುಗಳ ನಡುವೆ ಮುಗಿಸುತ್ತಿದ್ದರು. ನಾನು ವಿಮರ್ಶಕರಿಗೆ ಹೇಳಿದೆ: "ಆರನೇ ಪುಟ ಸ್ಕ್ಯಾನ್ ಆಗಿರಲಿಲ್ಲ, ಸರ್."

"ಓ," ಎಂದರು. ನಂಬಿದರು.

೪ (ಮತ್ತೆ)

ಆಗಿತ್ತು.

ಬಾಣದ ಗುರುತು ಒತ್ತಿದರೆ ಮುಂದಿನ ಪುಟ ಬರುತ್ತಿತ್ತು. 'ಉಳಿದದ್ದು' ಎಂಬ ಪದವನ್ನು ನಾನು ನೋಡಿದ್ದೆ. ನೋಡಿ, ಅದು ಚಿತ್ರದಲ್ಲಿ ಕಾಣಬಾರದೆಂದು ಆ ಅಂಚನ್ನು ಕತ್ತರಿಸಿದ್ದೂ ನಾನೇ. ಅವತ್ತು ಐದು ರೀಲ್ಸ್ ಆಗಿದ್ದವು, ಅದು ಆರನೆಯದು. ಬೀಗ ಹಾಕಿದ್ದೇನೆಯೇ ಎಂದು ದಿನಾ ಮೂರು ಸಲ ಬಾಗಿಲು ಎಳೆದು ನೋಡುವವಳು ನಾನು. ಒಂದು ಗುಂಡಿ ಒತ್ತಲಿಲ್ಲ. ಯಾಕೆಂದರೆ ಸಾಲು ಅಷ್ಟು ಚೆನ್ನಾಗಿತ್ತು. ಮುಂದೆ ಓದಿದರೆ ಅದು ಕೆಡಬಹುದು ಎಂದು ನನಗೆ ಒಳಗೆಲ್ಲೋ ಗೊತ್ತಿತ್ತು.

ವಿಮರ್ಶಕರ ಫೋನ್ ಇಟ್ಟ ಮೇಲೆ ಆ ಗುಂಡಿ ಒತ್ತಿದೆ. ಆರನೇ ಪುಟ ಹೀಗಿತ್ತು:

'ಮೂವತ್ತನೇ ನಿಮಿಷದ ಹೊತ್ತಿಗೆ ಆ ಧ್ವನಿ ತೆರೆದುಕೊಂಡಿತು. ಅಷ್ಟರಲ್ಲಿ ಎದ್ದು ಹೋದವರು ಹನ್ನೆರಡು ಮಂದಿ. ನಾನು ಎಣಿಸಿದ್ದೆ, ಹದಿಮೂರನೆಯವನಾಗಲು ಚೀಲ ಎತ್ತಿಕೊಂಡಿದ್ದೆ. ಅಲ್ಲಿಂದ ಮುಂದಿನ ಒಂದು ಗಂಟೆಯನ್ನು ವರ್ಣಿಸಲು ಹೋಗುವುದಿಲ್ಲ. ಚೀಲ ತೊಡೆಯ ಮೇಲೇ ಇತ್ತು, ಕೆಳಗಿಡಲು ಮರೆತಿದ್ದೆ ಎಂದರೆ ಸಾಕು. ಮನೆಗೆ ಹೋಗಿ ಮಲಗಬೇಕಾಗಿದ್ದವನು ನಾನು. ಹೋಗಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ.'

೫

ಸೆಕೆಂಡು ಸರ್ ಅವರನ್ನು ಕೆಟ್ಟವರನ್ನಾಗಿ ಮಾಡಲು ನೋಡಿದೆ. ಕಥೆಗೆ ಒಬ್ಬರು ಬೇಕಲ್ಲ.

"ಆ ರೀಲ್ ತೆಗೆದುಬಿಡೋಣ, ಸರ್."

"ತೆಗೆದರೆ ತಪ್ಪು ಮಾಡಿದ್ವಿ ಅಂತ ಆಗುತ್ತೆ."

"ಮಾಡಿದ್ದೀವಲ್ಲ."

"ಮಾಡೋದು ಬೇರೆ, ಆಗೋದು ಬೇರೆ ಕಣಮ್ಮ." ಆಮೇಲೆ ಆರನೇ ಪುಟವನ್ನು ನನ್ನ ಪರದೆಯ ಮೇಲೆ ಬಗ್ಗಿ ಓದಿದರು. ಎರಡು ಸಲ ಓದಿದರು. ಎಷ್ಟು ಸೆಕೆಂಡು ಆಯಿತೆಂದು ಹೇಳಲಿಲ್ಲ. "ತೆಗಿ," ಎಂದರು. "ಇದನ್ನೂ ಒಂದು ಮಾಡಿ ಹಾಕು."

ತೆಗೆದೆ. ಅಷ್ಟರಲ್ಲಿ ಅದರ ನಕಲುಗಳು ನಮ್ಮ ಕೈ ಮೀರಿ ಹರಡಿದ್ದವು. ಆರನೇ ಪುಟದ ರೀಲ್ ಮಾಡಿ ಹಾಕಿದೆ. ಒಂದು ಸಾವಿರದ ಮುನ್ನೂರ ನಲವತ್ತು ಜನ ನೋಡಿದರು. ಅವರಲ್ಲಿ ನಾನೇ ಎಷ್ಟು ಸಲವೋ.

(ಅವರು ಕೆಟ್ಟವರಾಗಲು ಒಪ್ಪದ್ದರಿಂದ ಆ ಜಾಗ ಖಾಲಿ ಉಳಿದಿದೆ. ಅದರಲ್ಲಿ ಯಾರು ಕೂರಬೇಕೆಂದು ನಾಲ್ಕನೇ ಭಾಗದಲ್ಲಿ ನೀವು ಓದಿದಿರಿ.)

೬

ಮೊದಲ ಮುಕ್ತಾಯ: ನಾನು ಗಾಯಕಿಯ ಮನೆಗೆ ಹೋಗುತ್ತೇನೆ. ಆರನೇ ಪುಟ ಕೊಡುತ್ತೇನೆ. ಅವರು ಓದುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ವೇದಿಕೆ ಹತ್ತುತ್ತೇನೆ ಎನ್ನುತ್ತಾರೆ. ಬರೆದು ಮುಗಿಸಿ ಗಟ್ಟಿಯಾಗಿ ಓದಿಕೊಂಡೆ. ಇಪ್ಪತ್ತೈದು ಸೆಕೆಂಡು ಹಿಡಿಯಿತು. ಹರಿದೆ.

ಎರಡನೇ ಮುಕ್ತಾಯ: ತಂಗಿ ಬಾಗಿಲು ತೆರೆದು, ಬಾಯಿಗೆ ಬಂದಂತೆ ಬೈದು, ಮುಖದ ಮೇಲೆ ಬಾಗಿಲು ಹಾಕುತ್ತಾರೆ. ಇದು ನನಗೆ ಇಷ್ಟವಾಗಿತ್ತು. ಇಷ್ಟವಾದದ್ದಕ್ಕೇ ಅನುಮಾನ ಬಂತು. ಬೈಸಿಕೊಂಡು ಬಂದಿದ್ದರೆ ಲೆಕ್ಕ ಚುಕ್ತಾ ಎಂದುಕೊಂಡು ಹಾಯಾಗಿ ಇರಬಹುದಿತ್ತು. ಅಷ್ಟು ಸುಲಭವಾಗಿ ನನ್ನನ್ನು ಬಿಡಲು ನನಗೇ ಮನಸ್ಸಾಗಲಿಲ್ಲ.

೭

ಹೋದದ್ದು ಒಂದು ಮಧ್ಯಾಹ್ನ, ತಂಗಿಗೆ ಫೋನ್ ಮಾಡಿ ತಿಳಿಸಿಯೇ. ಎರಡು ಮಹಡಿ ಹತ್ತಬೇಕು. ತಂಗಿ ಬಾಗಿಲು ತೆರೆದು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನೀನೇನಾ ಆ ಕಪ್ಪು ಪರದೆಯವಳು? ಇನ್ನೂ ದೊಡ್ಡವಳಿರ್ತೀಯ ಅಂದ್ಕೊಂಡಿದ್ದೆ. ಬಾ, ಚಪ್ಪಲಿ ಅಲ್ಲೇ ಬಿಡು."

ಒಳಗೆ ನೆಲದ ಮೇಲೆ ಒಂದು ಚಾಪೆ, ಕಿಟಕಿಗೆ ದಪ್ಪ ಪರದೆ, ಗೋಡೆಗೆ ಒಂದು ಗಡಿಯಾರ. ಗಾಯಕಿ ಕುರ್ಚಿಯಲ್ಲಿ ಕೂತು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದರು. ಅರವತ್ತೆಂಟು ವರ್ಷ. ಫೋಟೋದಲ್ಲಿದ್ದದ್ದಕ್ಕಿಂತ ಚಿಕ್ಕ ಮುಖ. ನಾನು ಆರನೇ ಪುಟ ಚಾಚಿದೆ. ಅವರು ಕೈಯಲ್ಲಿದ್ದ ಸೂಜಿ ತೋರಿಸಿ, ಈಗ ಹಿಡಿಯೋಕಾಗಲ್ಲ ಎಂಬಂತೆ ತಲೆ ಆಡಿಸಿದರು.

"ಬೇಡಮ್ಮ. ಒಂದು ವಿಮರ್ಶೆನೂ ನಾನು ಓದಿದವಳಲ್ಲ. ಓದಿದರೆ ಬರೆದವರು ಮುಂದಿನ ಸಲ ಬಂದು ನನ್ನ ಗಂಟಲಲ್ಲೇ ಕೂತ್ಕೋತಾರೆ. ಓದಿದ್ದು ನಿನ್ನದು ಒಂದೇ. ಪಕ್ಕದ ಮನೆಯವರು ತೋರಿಸಿದ್ರು, ನಗ್ತಾ."

"ಪೂರ್ತಿ ಹಾಗಿಲ್ಲ, ಅಮ್ಮ. ಇದರಲ್ಲಿ ಮುಂದೆ..."

"ಮುಂದೆ ಏನಿರುತ್ತೆ ಅಂತ ನನಗೆ ಗೊತ್ತಿಲ್ವಾ? ನಾನೂ ಅಲ್ಲೇ ಇದ್ದೆನಲ್ಲ." ದಾರ ಕಚ್ಚಿ ತುಂಡು ಮಾಡಿದರು. "ಅವರು ಬರೆದ ಮೊದಲ ಸಾಲೂ ನಿಜವೇ. ಅರ್ಧ ಗಂಟೆ ನನ್ನ ಧ್ವನಿ ಹಾಗೇ ಇರುತ್ತೆ. ಇಪ್ಪತ್ತು ವರ್ಷದವಳಿದ್ದಾಗಲೂ ಹಾಗೇ. ಮನೇಲಿ ಹಾಡಿಕೊಂಡು ಹೋಗಿ ನೋಡಿದೆ, ವೇದಿಕೆ ಹತ್ತಿದ ಕೂಡಲೇ ಮತ್ತೆ ಮೊದಲಿಂದ. ಅದು ಜನರ ಎದುರೇ ತೆರೀಬೇಕು."

"ಹಾಗಾದ್ರೆ ಈಗ ಯಾಕೆ ಬೇಡ ಅಂದ್ರಿ?"

"ಆಗಿನವರು ಕೆಮ್ಮೋರು, ಬಾಗಿಲ ಕಡೆ ನೋಡೋರು. ಕೆಲವರು ಹೋಗೋರು. ಉಳಿದವರು ಕಾಯೋರು. ಈಗ ಬರೋರು ಆ ಸಾಲು ಬಾಯಿಪಾಠ ಮಾಡಿಕೊಂಡೇ ಬರ್ತಾರೆ. ನಾನು ಬಾಯಿ ತೆರೆದ ತಕ್ಷಣ ನಗ್ತಾರೆ. ನಗೋರ ಎದುರು ಇದು ತೆರೆಯಲ್ಲ."

"ಫೋನ್ ಎತ್ತಿ ಹಿಡಿದುಕೊಂಡೇ ಬರ್ತಾರೆ," ಎಂದರು ತಂಗಿ, ಬಾಗಿಲಲ್ಲಿ ನಿಂತು. "ಹತ್ತು ದಿನ ಆಯ್ತು, ಇವಳು ಬೆಳಿಗ್ಗೆ ಕೂಡ ಬಾಯಿ ತೆಗೆದಿಲ್ಲ. ಗುಂಡಿ ಹೊಲೀತಾಳೆ. ಮನೇಲಿರೋ ಬಟ್ಟೆಗೆಲ್ಲ ಗುಂಡಿ ಆಯ್ತು. ಸಭಾಂಗಣದವರು ಇವತ್ತು ಸಂಜೆ ಐದಕ್ಕೆ ಫೋನ್ ಮಾಡ್ತಾರೆ. ಆಗ ಆಗಲ್ಲ ಅಂದುಬಿಟ್ರೆ ಆಯ್ತು, ಇನ್ನು ಕರೆಯೋರಿಲ್ಲ."

"ನೀನು ಸುಮ್ನಿರೇ."

"ಸುಮ್ನಿದ್ದೀನಲ್ಲ, ಅಕ್ಕ. ಇನ್ನೂ ಏನೂ ಹೇಳೇ ಇಲ್ಲ."

ಇಲ್ಲಿ ನಾನು ಕಥೆಗಾರ್ತಿಯ ಅಧಿಕಾರ ಚಲಾಯಿಸಲು ಹೋದೆ. ಈಗ ನೀವು ಮನಸ್ಸು ಬದಲಾಯಿಸಬೇಕು, ಅಮ್ಮ, ಎಂದು ಬರೆದೆ. ಇದು ಏಳನೇ ಭಾಗ, ಇಲ್ಲಿ ತಿರುವು ಬರಬೇಕು.

"ನಿನ್ನ ಕಥೆ ಮುಗಿಸೋಕೆ ನಾನು ಹಾಡಬೇಕಾ?" ಎಂದರು. "ಅವತ್ತು ನಿನ್ನ ಇಪ್ಪತ್ತೈದು ಸೆಕೆಂಡು ತುಂಬಿಸೋಕೆ ಬೇಕಾದೆ, ಇವತ್ತು ಇದಕ್ಕೆ."

(ಈ ಮಾತನ್ನು ಅವರು ಆಡಲಿಲ್ಲ. ಆಡಿದ್ದರೆ ತಪ್ಪಾಗುತ್ತಿರಲಿಲ್ಲ. ಆದ್ದರಿಂದ ಅಳಿಸದೆ ಬಿಟ್ಟಿದ್ದೇನೆ.)

ನಿಜವಾಗಿ ನಡೆದದ್ದು ಇಷ್ಟು. ನಾನು ಆ ಗುಂಡಿಯ ವಿಷಯ ಹೇಳಿದೆ, ಕಂಪ್ಯೂಟರಿನ ಗುಂಡಿ. ಆರನೇ ಪುಟ ಅಲ್ಲೇ ಇತ್ತು, ನಾನು ಬೇಕೆಂದೇ ತಿರುಗಿಸಲಿಲ್ಲ, ಎಂದೆ. ವಿಮರ್ಶಕರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಗಾಯಕಿ ದಿಂಬಿನ ಚೀಲವನ್ನು ಮಡಚಿ ಪಕ್ಕಕ್ಕಿಟ್ಟರು.

"ಕೊನೆಯವರೆಗೆ ಕೂರೋ ಅಭ್ಯಾಸ ಇಲ್ಲ ಅನ್ನು."

"ಇಲ್ಲ, ಅಮ್ಮ."

"ನನಗೂ ಹನ್ನೊಂದು ವರ್ಷದಿಂದ ಹಾಡೋ ಅಭ್ಯಾಸ ಇಲ್ಲ. ಈಗ ಅರ್ಧ ಗಂಟೆಗೆ ತೆರೆಯುತ್ತೋ, ತೆರೆಯೋದೇ ಇಲ್ವೋ, ನನಗೇ ಗೊತ್ತಿಲ್ಲ. ಹೊರಗಿನವರು ಒಬ್ಬರಾದರೂ ಎದುರಿಗಿಲ್ಲದೆ ಗೊತ್ತಾಗೋದೂ ಇಲ್ಲ." ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟರು. "ಗಂಟೆ ನಾಲ್ಕು. ಎಷ್ಟು ಹೊತ್ತು ಕೂರ್ತೀಯ?"

ತಂಗಿ ನನ್ನ ಫೋನ್ ಕೇಳಿ ತೆಗೆದುಕೊಂಡು ಅಡುಗೆಮನೆಗೆ ಹೋದರು. ಅದನ್ನೊಂದು ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದ ಸದ್ದು ಕೇಳಿಸಿತು.

೮

ಮೊದಲ ಸ್ವರ ವಿಮರ್ಶಕರು ಬರೆದ ಹಾಗೆಯೇ ಇತ್ತು. ಅದಕ್ಕಿಂತ ಇಪ್ಪತ್ತಾರು ವರ್ಷ ಹಳೆಯದಾಗಿತ್ತು. ಒಣಗಿದ ಮರವನ್ನು ಎಳೆದಂತೆ ಶುರುವಾಗಿ, ಮೇಲೇರಬೇಕಾದ ಕಡೆ ಎರಡಾಗಿ ಸೀಳಿತು. ಚಾಪೆಯ ಮೇಲೆ ಕೂತ ನನ್ನೊಳಗೆ, ನಾನು ಕರೆಯದೆ, ಒಂದು ಸಾಲು ತಾನಾಗಿ ಸಿದ್ಧವಾಯಿತು. ಚುಚ್ಚುವ ಸಾಲು. ವಿಮರ್ಶಕರದ್ದಕ್ಕಿಂತ ಚೆನ್ನಾಗಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಏಳನೇ ನಿಮಿಷ, ಕೆಮ್ಮು. ಹನ್ನೆರಡನೇ ನಿಮಿಷ, ಹಾಡಿನ ಒಂದೇ ಸಾಲನ್ನು ಮೂರನೇ ಸಲ ಹಿಡಿದು ಮೂರನೇ ಸಲವೂ ಕೈಬಿಟ್ಟರು. ನೀರು ಕುಡಿದರು. ಹದಿನೈದಕ್ಕೆ ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡತೊಡಗಿದರು. ಹತ್ತೊಂಬತ್ತಕ್ಕೆ, ಕೆಳಗಿನ ಒಂದು ಸ್ವರದಲ್ಲಿ, ಏನೋ ಅಲುಗಿತು ಎಂದು ನನಗನ್ನಿಸಿತು. ಆಸೆಯಿಂದ ಕೇಳುವವರಿಗೆ ಹಾಗೆಲ್ಲ ಅನ್ನಿಸುತ್ತದೆ. ನನ್ನ ಮಾತನ್ನು ನಂಬಬೇಡಿ.

ಮೂವತ್ತನೇ ನಿಮಿಷದಲ್ಲಿ ಏನಾಯಿತೆಂದು ನನಗೆ ಗೊತ್ತು. ಐದು ಗಂಟೆಗೆ ಸಭಾಂಗಣದವರಿಗೆ ಅವರು ಏನು ಹೇಳಿದರೆಂದೂ ಗೊತ್ತು. ಎರಡಕ್ಕೂ ಒಂದೊಂದು ವಾಕ್ಯ ಸಾಕು, ಬರೆದೂ ಇಟ್ಟಿದ್ದೇನೆ. ಕೊಡುವುದಿಲ್ಲ. ಕೊಟ್ಟರೆ ನೀವು ಆ ವಾಕ್ಯವನ್ನು ಎತ್ತಿಕೊಂಡು ಹೊರಡುತ್ತೀರಿ. ನಿಮ್ಮ ಮೇಲಿನ ಅಪನಂಬಿಕೆಯಿಂದ ಹೇಳುತ್ತಿಲ್ಲ, ನನ್ನ ಕೈಯ ಅನುಭವದಿಂದ ಹೇಳುತ್ತಿದ್ದೇನೆ.

ಈಗ ಇಪ್ಪತ್ತೆರಡನೇ ನಿಮಿಷ. ಧ್ವನಿ ಇನ್ನೂ ತೆರೆದಿಲ್ಲ. ಗಾಯಕಿ ಕಣ್ಣು ಮುಚ್ಚಿಕೊಂಡಿಲ್ಲ, ಹಾಡುತ್ತಲೇ ನನ್ನನ್ನು ನೋಡುತ್ತಿದ್ದಾರೆ, ಇವಳೂ ಹೋಗುವವಳೇ ಎಂದು. ನನ್ನ ಬಲಗಾಲು ಜೋಮು ಹಿಡಿದಿದೆ. ಏಳುತ್ತಿದ್ದೇನೆಂದು ಅವರಿಗೆ ಅನ್ನಿಸದ ಹಾಗೆ, ತುಂಬ ನಿಧಾನವಾಗಿ, ಅದನ್ನು ಚಾಪೆಯ ಮೇಲೆ ಸರಿಸುತ್ತಿದ್ದೇನೆ.