ನಲವತ್ತೊಂದು ಹೆಸರು

ದಾನ ಮಾಡುವವರಿಗೂ ಮಾರ್ಕು ಹಾಕುವ ಕಾಲ ಇದು. ಗಲ್ಫಿನ ಮುಶೈರಿಬ್ ಬಡಾವಣೆಯ ಆ ಗಾಜಿನ ಕಟ್ಟಡದ ಆರನೇ ಮಹಡಿಯಲ್ಲಿ ಕೂತು ಸ್ವರ್ಣಲತಾ ಮಾಡುತ್ತಿದ್ದುದೂ ಅದೇ ಕೆಲಸ. ಲೋಕದ ಯಾವುದೋ ಮೂಲೆಯ ಧರ್ಮಸಂಸ್ಥೆ ಎಷ್ಟು ದುಡ್ಡು ಎತ್ತಿತು, ಎಲ್ಲಿ ಖರ್ಚು ಮಾಡಿತು, ಏನನ್ನು ಮುಚ್ಚಿಟ್ಟಿತು ಎಂದು ಲೆಕ್ಕಪತ್ರ ಜಾಲಾಡಿ, ಐದರಲ್ಲಿ ಇಷ್ಟು ನಕ್ಷತ್ರ ಎಂದು ಬರೆಯುವುದು. ದೇಣಿಗೆ ಕೊಡುವ ದೊಡ್ಡ ದೊಡ್ಡ ಕಂಪನಿಗಳು ಚಂದಾ ಕಟ್ಟಿ ಆ ವರದಿ ಓದುತ್ತಿದ್ದವು. ಮೂರಕ್ಕಿಂತ ಕಡಿಮೆ ಬಂದವರಿಗೆ ಅವು ನಯಾಪೈಸೆ ಬಿಚ್ಚುತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹೊರಬೀಳಬೇಕಿದ್ದುದು ಇಂಗ್ಲೆಂಡಿನ ಒಂದು ಸಣ್ಣ ಯಹೂದಿ ಧರ್ಮನಿಧಿಯ ವರದಿ. ಕೆಲಸ ಹೋದವರಿಗೆ, ಕಾಯಿಲೆ ಬಿದ್ದವರಿಗೆ ಬಾಡಿಗೆ ಕಟ್ಟಿ, ಪೆಸಾಹ್ ಹಬ್ಬಕ್ಕೆ ದಿನಸಿ ತುಂಬಿಸಿಕೊಡುವ ಸಂಸ್ಥೆ. ಲೆಕ್ಕವೆಲ್ಲ ಚೊಕ್ಕವಾಗಿತ್ತು, ಪಡೆದವರ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಕೇಳಿದರೆ ಖಜಾಂಚಿ ಶಿಫ್ರಾ ಎಂಬಾಕೆಯದು ಒಂದೇ ಉತ್ತರ: ನಮ್ಮಲ್ಲಿ ಗುಟ್ಟಾಗಿ ಕೊಟ್ಟರೇ ಅದು ದಾನ, ಪಡೆದವರು ಯಾರೆಂದು ಕೊಟ್ಟವರಿಗೂ ಗೊತ್ತಿರಬಾರದು.

ಸ್ವರ್ಣಲತಾ ಬಿಡಲಿಲ್ಲ. ಹೆಸರಿಲ್ಲದ ಖರ್ಚಿನ ಹಿಂದೆ ಎಂಥೆಂಥ ಕಳ್ಳರನ್ನೋ ಅವಳು ಹಿಡಿದಿದ್ದಳು. ಶುಕ್ರವಾರ ಇವಳಿಗೆ ರಜೆ, ಶನಿವಾರ ಆಕೆಗೆ ಯಾವ ಕೆಲಸವೂ ಮಾಡಬಾರದ ಸಬ್ಬತ್. ಹಾಗಾಗಿ ವಾರವಿಡೀ ಹಠ ಹಿಡಿದು ಗುರುವಾರವೇ ಒಪ್ಪಿಸಿದಳು. ಶಿಫ್ರಾ ವೀಡಿಯೊ ಕರೆಯಲ್ಲಿ ದಾಖಲೆ ಪುಸ್ತಕದ ಪುಟಗಳನ್ನು ಒಂದೊಂದಾಗಿ ಕ್ಯಾಮೆರಾಗೆ ಹಿಡಿದಳು. ತಾಳೆ ನೋಡಲೆಂದು ಸ್ವರ್ಣಲತಾ ಆರಿಸಿದ ನಲವತ್ತೊಂದು ಹೆಸರು, ಪ್ರತಿಯೊಂದಕ್ಕೂ ಬ್ಯಾಂಕಿನ ಚೀಟಿ.

"ನೋಡಿ. ಆದರೆ ಬರೆದುಕೊಳ್ಳಬೇಡಿ," ಎಂದಿದ್ದಳು.

"ಬರೆದುಕೊಳ್ಳುವುದಿಲ್ಲ," ಎಂದು ಸ್ವರ್ಣಲತಾ ಪೆನ್ನನ್ನು ಆಕೆಗೆ ಕಾಣುವಂತೆ ಮೇಜಿನ ಮೇಲಿಟ್ಟಿದ್ದಳು. ಎಲ್ಲವೂ ತಾಳೆಯಾಯಿತು. ನಾಲ್ಕು ನಕ್ಷತ್ರ ಬರೆದು ನೆಮ್ಮದಿಯಿಂದ ಮನೆಗೆ ಹೋದಳು.

ಭಾನುವಾರ ಒಂದು ಗಂಟೆ ಐದು ನಿಮಿಷಕ್ಕೆ ವರದಿಯ ಫೋಲ್ಡರನ್ನು ಕೊನೆಯ ಸಲ ತೆರೆದಳು. ಪುರಾವೆಗಳ ಸಾಲಿನಲ್ಲಿ ಒಂದು ವೀಡಿಯೊ ಕೂತಿತ್ತು. ಆಫೀಸಿನ ಸಿಸ್ಟಮ್ ಪ್ರತಿ ಕರೆಯನ್ನೂ ತಾನಾಗಿ ರೆಕಾರ್ಡ್ ಮಾಡಿ ಅಲ್ಲಿಗೆ ಸೇರಿಸುತ್ತದೆ, ವರದಿಯ ಜೊತೆ ಅದೂ ಚಂದಾದಾರರಿಗೆ ತೆರೆದುಕೊಳ್ಳುತ್ತದೆ. ಆರು ವರ್ಷದಿಂದ ದಿನಾ ನಡೆಯುವ ಸಂಗತಿ. ದಿನಾ ನಡೆಯುತ್ತದೆ ಎಂದೇ ಅವಳಿಗೆ ಮರೆತುಹೋಗಿತ್ತು. ಒತ್ತಿ ನೋಡಿದಳು. ಹೆಸರು, ಬೀದಿ, ಮನೆ ನಂಬರು, ಕಾರಣ, ಎಲ್ಲ ನಿಚ್ಚಳ. ಗಂಡ ಬಿಟ್ಟುಹೋದವಳು. ಅಂಗಡಿ ಮುಳುಗಿದವನು. ಮಗನಿಗೆ ಡಯಾಲಿಸಿಸ್ ಮಾಡಿಸುತ್ತಿರುವ ಶಾಲಾ ಮಾಸ್ತರ. ಇನ್ನು ಐವತ್ತೈದು ನಿಮಿಷಕ್ಕೆ ಇವರೆಲ್ಲ ಸಾವಿರದಿನ್ನೂರು ಕಂಪನಿಗಳ ಕಣ್ಣಿಗೆ ಬೀಳುತ್ತಾರೆ.

ವೀಡಿಯೊ ತೆಗೆಯುವ ಅಧಿಕಾರ ಇದ್ದುದು ಮ್ಯಾನೇಜರ್ ಫ್ಲಾಯ್ಡ್ ಒಬ್ಬನಿಗೆ. ಮಂಗಳೂರಿನವನು, ಕೆಟ್ಟವನೇನಲ್ಲ, ಟಾರ್ಗೆಟ್ ಎಂಬ ಪದ ಕಿವಿಗೆ ಬಿದ್ದರೆ ಮಾತ್ರ ಬೇರೇನೂ ಕೇಳಿಸುತ್ತಿರಲಿಲ್ಲ.

"ಎಂತಕ್ಕೆ ತೆಗಿಯುದು?" ಎಂದ. "ಅದ್ರಿಂದಲೇ ಅಲ್ವಾ ನಾಲ್ಕು ಸ್ಟಾರ್ ಬಂದದ್ದು? ಅದಿಲ್ಲದಿದ್ರೆ ಟ್ರಾನ್ಸ್‌ಪರೆನ್ಸಿ ಸೊನ್ನೆ. ಎರಡಕ್ಕೆ ಬಂದು ನಿಲ್ತದೆ. ಮತ್ತೆ ಅವರ ಹಬ್ಬದ ಡೊನೇಶನ್ ಖಲಾಸ್."

"ಬರ್ಕೊಳ್ಳುದಿಲ್ಲ ಅಂತ ಮಾತು ಕೊಟ್ಟಿದ್ದೆ ಸರ್."

"ನೀವು ಬರ್ಕೊಳ್ಳಲಿಲ್ಲ ಅಲ್ವಾ? ಸಿಸ್ಟಮ್ ರೆಕಾರ್ಡ್ ಮಾಡಿದ್ದು. ಎಗ್ರಿಮೆಂಟಿನ ಹನ್ನೊಂದನೇ ಪೇಜಲ್ಲಿ ಅವರದ್ದೇ ಸೈನ್ ಉಂಟು. ಐವತ್ತು ನಿಮಿಷದ ವೀಡಿಯೊ ಯಾರು ನೋಡ್ತಾರೆ ಮಾರಾಯ್ರೆ?"

"ಅವರ ಊರಿನವರು ಒಬ್ಬರು ನೋಡಿದ್ರೆ ಸಾಕಲ್ಲ ಸರ್."

ಫ್ಲಾಯ್ಡ್ ಎದ್ದು ಬಾಗಿಲು ಮುಚ್ಚಿದ. ದನಿ ಇಳಿಸಿದ. "ತೆಗೀಬೇಕಾದ್ರೆ ನೀವು ಕರೆಕ್ಷನ್ ಫಾರ್ಮ್ ತುಂಬಿಸ್ಬೇಕು. ತಪ್ಪು ಎಂತದು, ಮಾಡಿದ್ದು ಯಾರು ಅಂತ ನಿಮ್ಮ ಹೆಸರು ಸಮೇತ ರಿಪೋರ್ಟಿನ ಅಡಿಯಲ್ಲೇ ಬರ್ತದೆ. ನಿಮ್ಗೆ ಆಗ್ಲೇ ಒಂದು ವಾರ್ನಿಂಗ್ ಆಗಿದೆ. ಎರಡನೇದಾದ್ರೆ ಎಚ್‌ಆರ್‌ನವರು ಎಂತ ಮಾಡ್ತಾರೆ ಅಂತ ಗೊತ್ತುಂಟಲ್ಲ? ನಾನು ಈಗ ಎಂತದೂ ಕೇಳ್ಲಿಲ್ಲ. ನೀವು ಊಟ ಮಾಡಿ ಬನ್ನಿ, ಯಲ್ಲಾ, ಹೊರಡಿ."

ಸ್ವರ್ಣಲತಾ ತನ್ನ ಜಾಗಕ್ಕೆ ಬಂದು ಕೂತಳು. ಊಟದ ಡಬ್ಬಿ ತೆರೆಯಲು ಕೈ ಬರಲಿಲ್ಲ.

ಆ ಮೊದಲ ವಾರ್ನಿಂಗ್ ಬಂದದ್ದು ಎರಡು ವರ್ಷದ ಹಿಂದೆ, ಮೆಸಯೀದ್‌ನ ಕಾರ್ಖಾನೆಯಲ್ಲಿ ಗಂಡ ವಿಕಾಸನ ಬಲಗೈ ಸುಟ್ಟು ಅವಳು ರಜೆ ಕೇಳದೆ ಆಸ್ಪತ್ರೆಯಲ್ಲೇ ಉಳಿದುಬಿಟ್ಟಾಗ. ಅವನ ಕೆಲಸ ಹೋಯಿತು. ಈಗ ಅವನ ವೀಸಾ, ಮಗಳು ಗ್ರೀಷ್ಮಾಳ ವೀಸಾ ಎರಡೂ ನಿಂತಿರುವುದು ಇವಳ ಕೆಲಸದ ಮೇಲೆ. ಊರಿನವರ ಸಂಘಕ್ಕೆ ಸಹಾಯದ ಅರ್ಜಿ ಬರೆದವಳೂ ಆಗ ಇವಳೇ. ಸಂಘದವರು ಧಾರಾಳವಾಗಿಯೇ ಕೊಟ್ಟರು. ಆದರೆ ಕೊಟ್ಟದ್ದನ್ನು ಹತ್ತು ಜನರ ಮುಂದೆ ತೋರಿಸದಿದ್ದರೆ ನಮ್ಮವರಿಗೆ ಕೊಟ್ಟಂತೆಯೇ ಅಲ್ಲವಲ್ಲ! ವಾರ್ಷಿಕೋತ್ಸವದ ವೇದಿಕೆ, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು, ಬ್ಯಾಂಡೇಜು ಸುತ್ತಿದ ಕೈಯಲ್ಲಿ ಅದನ್ನು ಹಿಡಿದು ನಿಂತ ವಿಕಾಸ. ಬೇಡವೇ ಬೇಡ ಎಂದಿದ್ದ. "ಒಂದು ಫೋಟೋ ಅಲ್ವಾ, ಎಂತ ಆಗ್ತದೆ?" ಎಂದು ಒಪ್ಪಿಸಿದ್ದು ಇವಳು. ಆ ಫೋಟೋ ಮುಟ್ಟದ ವಾಟ್ಸ್ಆ್ಯಪ್ ಗ್ರೂಪ್ ಇರಲಿಲ್ಲ. ಶಾಲೆಯ ಬಸ್ಸಿನಲ್ಲಿ ಗ್ರೀಷ್ಮಾಳಿಗೂ ಅದನ್ನು ತೋರಿಸಿದರು. ವಿಕಾಸ ಅಂದಿನಿಂದ ನಾಲ್ಕು ಜನ ಊರವರು ಸೇರುವ ಕಡೆ ತಲೆ ಹಾಕಿಲ್ಲ.

ಒಂದೂವರೆಗೆ ಶಿಫ್ರಾಗೆ ಫೋನ್ ಮಾಡಿದಳು. ಆದದ್ದನ್ನೆಲ್ಲ ಹೇಳಿದಳು, ತಡೆದರೆ ಎರಡೇ ನಕ್ಷತ್ರ ಎಂಬುದನ್ನೂ.

"ನಿಮ್ಮನ್ನು ನಂಬಿದ್ದೆ," ಎಂದಳು ಶಿಫ್ರಾ. ಆಮೇಲೆ, "ಎರಡೇ ಕೊಡಿ. ಹಬ್ಬದ ದುಡ್ಡಿಗೆ ಮನೆ ಮನೆ ಬಾಗಿಲು ತಟ್ಟುತ್ತೇನೆ. ಆ ಹೆಸರು ಒಂದು ಸಲ ಹೊರಗೆ ಬಿದ್ದರೆ ಯಾರ ಬಾಗಿಲು ತಟ್ಟಿ ವಾಪಸು ತರಲಿ?" ಎಂದು ಫೋನಿಟ್ಟಳು.

ಸ್ವರ್ಣಲತಾಳಿಗೆ ನಾಚಿಕೆಯಾಯಿತು, ಭಯವೂ ಆಯಿತು. ಆದರೂ ಫಾರ್ಮ್ ತುಂಬಿಸಿದಳು. ತಪ್ಪು: ಮಾತು ಕೊಟ್ಟು ಮುರಿದದ್ದು. ತಪ್ಪಿತಸ್ಥರು: ಸ್ವರ್ಣಲತಾ, ಹಿರಿಯ ಪರಿಶೀಲಕಿ. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ಹೆಸರುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಎಲ್ಲವೂ ಸರಿಯಾಗಿವೆ, ತೋರಿಸಲಾರೆ.

ಕಳಿಸಿದಾಗ ಒಂದು ಐವತ್ತೆರಡು. ಫ್ಲಾಯ್ಡ್ ಒಪ್ಪಿಗೆ ಒತ್ತಲಿಲ್ಲ. ಒಂದು ಐವತ್ತೇಳಾಯಿತು. ಅವಳು ಹೋಗಿ ಅವನ ಮೇಜಿನ ಮುಂದೆ ನಿಂತಳು. ಅವನು ತಲೆ ಎತ್ತದೆ ಯಾವುದೋ ಮೇಲ್ ಓದುತ್ತಿರುವಂತೆ ಮಾಡಿದ.

"ಸರ್, ಮೂರು ನಿಮಿಷ ಉಂಟು."

"ಮಗಳ ಸ್ಕೂಲ್ ಉಂಟಲ್ಲ ಸ್ವರ್ಣ, ಅದನ್ನು ನೆನೆಸ್ಕೊಳ್ಳಿ."

"ನೆನೆಸ್ಕೊಂಡೇ ಬಂದದ್ದು. ಒತ್ತಿ ಸರ್. ಇಲ್ಲದಿದ್ರೆ ಆ ಸಂಸ್ಥೆಯವರಿಗೂ ಚಂದಾದಾರರಿಗೂ ನಾನೇ ಬರೀತೇನೆ, ನಿಮಗೆ ಮೊದಲೇ ಗೊತ್ತಿತ್ತು ಅಂತ."

ಫ್ಲಾಯ್ಡ್ ಅವಳ ಮುಖ ನೋಡಿದ. ಬೈಗುಳವೊಂದನ್ನು ಕೊಂಕಣಿಯಲ್ಲೇ ನುಂಗಿಕೊಂಡು ಒತ್ತಿದ. ವೀಡಿಯೊ ಹೋಯಿತು. ನಾಲ್ಕು ನಕ್ಷತ್ರ ಎರಡಾಯಿತು. ಎರಡು ಗಂಟೆಗೆ ವರದಿ ಹೊರಬಿತ್ತು. ಅಡಿಯಲ್ಲಿ, ಕೆಂಪು ಚೌಕದೊಳಗೆ ಅವಳೊಬ್ಬಳ ಹೆಸರು.

ಸಂಜೆ ಉಮ್ಮ್ ಸಲಾಲ್‌ನ ಮನೆಗೆ ಅವಳು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಆಫೀಸಿನ ಯಾರೋ ಪುಣ್ಯಾತ್ಮರು ಕೆಂಪು ಚೌಕದ ಚಿತ್ರ ತೆಗೆದು ಊರವರ ಗ್ರೂಪಿಗೆ ಹಾಕಿದ್ದರು. ವಿಕಾಸ ಫೋನ್ ಹಿಡಿದು ಕೂತಿದ್ದ.

"ನಿನ್ನ ಹೆಸರು ಹಾಕಿದ್ದಾರೆ," ಎಂದ.

"ಹೌದು. ನಾಳೆ ಹತ್ತು ಗಂಟೆಗೆ ಎಚ್‌ಆರ್‌ನವರು ಬರ್ಲಿಕ್ಕೆ ಹೇಳಿದ್ದಾರೆ. ಕೆಲಸ ಹೋಗ್ಬಹುದು."

ಅವಳು ಎಲ್ಲ ಹೇಳಿದಳು. ಕೊನೆಗೆ, "ಆ ನಲವತ್ತೊಂದು ಜನಕ್ಕೆ ಇದು ಗೊತ್ತಾ?" ಎಂದು ಕೇಳಿದ.

"ಇಲ್ಲ. ಗೊತ್ತಾಗುದೂ ಇಲ್ಲ."

ವಿಕಾಸ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ಅಂದ, "ನನ್ನ ಹೆಸರಿಗೂ ನೀನು ಹೀಗೆ ನಿಲ್ಬೇಕಿತ್ತು."

ಸಿಟ್ಟಿನಿಂದ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಅವನು ಮೆಲ್ಲಗೆ ಹೇಳಿದ. ಎರಡು ವರ್ಷದಲ್ಲಿ ಆ ಮಾತನ್ನು ಒಮ್ಮೆಯೂ ಆಡಿರಲಿಲ್ಲ.

"ಹೌದು," ಎಂದಳು ಸ್ವರ್ಣಲತಾ, "ನಿಲ್ಬೇಕಿತ್ತು."