ಲೋಕಲ್ ಊಟ

"ಈ ಪಾಲಕ್ ಯಾವಾಗ ಬಂದದ್ದು?" ಎಂದು ಕನಕರಾಜ್ ಮೂರನೆಯ ಸಲ ಕೇಳಿದಾಗ ಸಪ್ಲೈಯರ್ ಹುಡುಗನ ಮುಖ ಹುಳ್ಳಗಾಯಿತು.

"ಮೊನ್ನಿ ಬಂದೈತ್ರಿ ಸರ್. ಫ್ರಿಜ್‌ನಾಗ ಇಟ್ಟೀವಿ. ಫುಲ್ ಫ್ರೆಶ್."

"ಮೊನ್ನಿ ಬಂದದ್ದು ಫ್ರೆಶ್ ಹೆಂಗ ಆಗ್ತೈತಪ್ಪಾ?"

"ಫ್ರಿಜ್ ಹೊಸಾದ್ ಐತ್ರಿ."

ಹೊಸಪೇಟೆಯ ಸ್ಟೇಷನ್ ರಸ್ತೆಯ ಆ ಹೋಟೆಲಿನ ಹೆಸರಿನಲ್ಲೇ 'ಹೆಲ್ದಿ' ಎಂದಿತ್ತು, ಮೊಬೈಲಿನಲ್ಲಿ ನಾಲ್ಕೂವರೆ ನಕ್ಷತ್ರವಿತ್ತು, ಗೋಡೆ ತುಂಬ ಹಸಿರು ಬಳ್ಳಿ ಹಬ್ಬಿತ್ತು. ಕನಕರಾಜ್ ಒಂದು ಎಲೆ ಮುಟ್ಟಿ ನೋಡಿದ. ಪ್ಲಾಸ್ಟಿಕ್. ಒಂದು ಲೋಟ ನೀರು ಕುಡಿದು ಎದ್ದು ಬಂದ.

ಇದು ನಾಲಿಗೆಯ ಚಪಲವಲ್ಲ. ತೋರಣಗಲ್ಲಿನ ಕಾರ್ಖಾನೆಯೊಂದರಲ್ಲಿ ಅವನು ಹದಿನೆಂಟು ವರ್ಷ ಕ್ರೇನ್ ನಡೆಸಿದವನು. ಛಾವಣಿಯ ಕೆಳಗಿನ ಹಳಿಯ ಮೇಲೆ ಓಡುವ ಕ್ಯಾಬಿನ್ನಿನಲ್ಲಿ ಕುಳಿತು, ಕರಗಿದ ಉಕ್ಕು ತುಂಬಿದ ಮನೆಯಷ್ಟು ದೊಡ್ಡ ಲ್ಯಾಡಲ್ ಎಂಬ ಕೊಪ್ಪರಿಗೆಯನ್ನು ಒಂದು ಹನಿ ಚೆಲ್ಲದಂತೆ ದಾಟಿಸುವುದು ಅವನ ಕೆಲಸ. ಹೋದ ತಿಂಗಳ ತಪಾಸಣೆಯಲ್ಲಿ ಅವನ ಮೂರು ತಿಂಗಳ ಸರಾಸರಿ ಸಕ್ಕರೆ ಹತ್ತೂವರೆ ಬಂದಿತ್ತು. "ಎಂಟರ ಒಳಗ ಬರ್ಬೇಕು. ಮೂರು ತಿಂಗಳು ಟೈಮ್ ಕೊಡ್ತೀನಿ, ಅಲ್ಲೀತನಕ ಕ್ರೇನ್ ಹತ್ತಂಗಿಲ್ಲ. ಆಗ್ಲೂ ಬರ್ಲಿಲ್ಲಂದ್ರ ಮುಂದ ಎಂದೂ ಹತ್ತಂಗಿಲ್ಲ. ಗುಳಿಗಿ ನಾ ಕೊಡ್ತೀನಿ, ಊಟ ನೀವು ನೋಡ್ಕೊಳ್ರಿ" ಎಂದಿದ್ದರು ಡಾಕ್ಟರು. ಅಂದಿನಿಂದ ಅವನು ಸ್ಟೋರಿನಲ್ಲಿ ಕುಳಿತು ಹೊಸ ಹುಡುಗರಿಗೆ ಕೈಗವಸು ಹಂಚುತ್ತಿದ್ದ. ಮೇಲೆ ತನ್ನ ಕ್ರೇನ್ ಹಾದುಹೋದ ಸದ್ದಾದರೆ ತಲೆ ಎತ್ತುತ್ತಿರಲಿಲ್ಲ. ಡಾಕ್ಟರ ಮೇಲೆ ಸಿಟ್ಟಾಗುವಂತೆಯೂ ಇರಲಿಲ್ಲ. ಒಂದು ದಿನ ಕ್ಯಾಬಿನ್ನಿನಲ್ಲಿ ಕಣ್ಣು ಕತ್ತಲಿಟ್ಟದ್ದು ಅವನೊಬ್ಬನಿಗೇ ಗೊತ್ತಿತ್ತು. ಕೆಳಗೆ ಹದಿನೈದು ಜನ ಓಡಾಡುತ್ತಿದ್ದರು.

ಹೆಂಡತಿ ವಿರುಪಮ್ಮ ಸಂಡೂರಿನ ಆಚೆ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆ. ಬೆಳಗಿನ ಶಿಫ್ಟಿಗೆ ಅಲ್ಲಿಂದ ಬಸ್ಸಿಲ್ಲದ ಕಾರಣ ಇವನು ಹೊಸಪೇಟೆಯಲ್ಲಿ ರೂಮು ಹಿಡಿದು, ವಾರದ ರಜೆಗೆ ಮಾತ್ರ ಊರಿಗೆ ಹೋಗುತ್ತಿದ್ದ. ಅಡುಗೆಯಲ್ಲಿ ಅವನ ವಿದ್ಯೆ ಚಹಾಕ್ಕೆ ಮುಗಿಯುತ್ತಿತ್ತು. "ಊರ ಮಕ್ಕಳನ್ನೆಲ್ಲಾ ತಕ್ಕಡಿಗೆ ಹಾಕ್ತೀನಿ, ನಿಮ್ಮನ್ನ ಹಾಕೋರು ಯಾರು?" ಎಂದು ಆಕೆ ಫೋನಿನಲ್ಲಿ ದಿನಾ ಕೇಳುವಳು.

ತಾಜಾ ಊಟ ಎಲ್ಲಿ ಸಿಗುತ್ತದೆಂದು ಅವನು ಹುಡುಕದ ಓಣಿಯಿಲ್ಲ. ವಿದೇಶಿಯರು ಆರೋಗ್ಯದ ಊಟ ಮಾಡುತ್ತಾರಂತೆ ಎಂದು ಸ್ಟೋರಿನ ಗೆಳೆಯ ಯಲ್ಲೇಶನನ್ನು ಕರೆದುಕೊಂಡು ಹಂಪಿಗೂ ಹೋಗಿ ಬಂದ. ಅಲ್ಲಿ ದೊಡ್ಡ ಬಟ್ಟಲಿನಲ್ಲಿ ಹಸಿ ಎಲೆ ತಂದಿಟ್ಟರು. ಎಲ್ಲಿಂದ ಬಂತು ಎಂದರೆ, ಡಬ್ಬಿಯಲ್ಲಿ ಬೆಂಗಳೂರಿನಿಂದ ಬರುತ್ತದೆ ಎಂದು ಮಾಲೀಕ ಹೆಮ್ಮೆಯಿಂದ ಹೇಳಿದ. ಕಿಟಕಿಯಾಚೆ ಬಾಳೆತೋಟ ತೂಗಾಡುತ್ತಿತ್ತು. "ಎಮ್ಮಿಗೆ ಹಾಕಿದಂಗ ಹಾಕ್ಯಾರ, ಎಮ್ಮಿಗಾದ್ರೂ ಹತ್ತಿ ಹಿಂಡಿ ಇಡ್ತಾರ" ಎಂದು ಯಲ್ಲೇಶ್ ಗೊಣಗಿದ.

ಕಂಪನಿ ಬಸ್ಸು ಇಳಿಸುವ ಜಾಗದ ಎದುರಿಗೇ ಒಂದು ಖಾನಾವಳಿ ಇತ್ತು. ಬಾಗಿಲ ಮೇಲೆ ಹೊಸ ಬಣ್ಣದ ಬೋರ್ಡು: 'ದುರ್ಗಕ್ಕನ ಲೋಕಲ್ ಊಟ'. ಅದನ್ನು ನೋಡಿದಾಗಲೆಲ್ಲ ಇಬ್ಬರೂ ನಗುತ್ತಿದ್ದರು. ಕಾರ್ಖಾನೆಯ ಮಂದಿಗೆ ಮಾಲು ಎರಡೇ ಜಾತಿ. ಕಂಪನಿ ಮಾಲು ಬಾಳಿಕೆ ಬರುತ್ತದೆ, ಲೋಕಲ್ ಮಾಲು ನಾಳೆಯೇ ಕೈ ಕೊಡುತ್ತದೆ. "ಲೋಕಲ್ ಬೇರಿಂಗ್ ಹಾಕಿದ್ರ ಕ್ರೇನೇ ನಿಂದ್ರಂಗಿಲ್ಲ, ಲೋಕಲ್ ಊಟ ಉಂಡ್ರ ನಾವು ನಿಂದ್ರತೀವೇನಲೇ?" ಎಂದು ಯಲ್ಲೇಶ್ ಅಂದದ್ದು ಬಸ್ಸಿನಲ್ಲೆಲ್ಲ ಹಬ್ಬಿತ್ತು.

ಒಂದು ದಿನ ಶಿಫ್ಟು ಮುಗಿದು ಊಟಕ್ಕೆ ಮುಂಚಿನ ಗುಳಿಗೆ ನುಂಗಿ ಬಸ್ಸು ಹತ್ತಿದರೆ, ಅದಿರಿನ ಲಾರಿಗಳು ದಾರಿ ಕಟ್ಟಿ ಒಂದು ಗಂಟೆ ನಿಂತೇ ಹೋಯಿತು. ಹೊಸಪೇಟೆಯಲ್ಲಿ ಇಳಿಯುವಾಗ ಕನಕರಾಜನ ಅಂಗಿ ಬೆವರಿನಿಂದ ತೊಯ್ದಿತ್ತು, ತಲೆ ಸುತ್ತುತ್ತಿತ್ತು. ಕಣ್ಣಿಗೆ ಕಂಡ ಮೊದಲ ಮೆಟ್ಟಿಲ ಮೇಲೆ ಕುಸಿದು ಕುಳಿತ. ಅದು ಆ ಖಾನಾವಳಿಯ ಮೆಟ್ಟಿಲು.

ಒಳಗಿನಿಂದ ಐವತ್ತೈದರ ಆಸುಪಾಸಿನ ಹೆಂಗಸು ಕೈ ಒರೆಸುತ್ತ ಬಂದಳು. ಒಮ್ಮೆ ಮುಖ ನೋಡಿದಳು, ಅಷ್ಟೆ. "ಸಕ್ಕರಿ ಗುಳಿಗಿ ತಗೊಂಡೀ ಏನಪ್ಪಾ? ಉಂಡಿಲ್ಲ ಹೌದಿಲ್ಲೋ? ಬಾಯಿ ತಗಿ." ಒಂದು ಚೂರು ಬೆಲ್ಲ ನಾಲಿಗೆಯ ಮೇಲೆ ಬಿತ್ತು. "ಸಕ್ಕರಿ ಇಳಿದೈತಿ. ನಮ್ಮವ್ವಗೂ ಹಿಂಗ ಆಗ್ತಿತ್ತು. ಹೆದರಬ್ಯಾಡ."

ಬೆವರು ಆರಿದ ಮೇಲೆ ಒಳಗೆ ಕರೆದು ಕೂರಿಸಿ ತಟ್ಟೆ ಇಟ್ಟಳು. ಬಿಸಿ ಜೋಳದ ರೊಟ್ಟಿ, ಪುಂಡಿ ಸೊಪ್ಪಿನ ಪಲ್ಯ, ಮೊಳಕೆ ಬಂದ ಹೆಸರುಕಾಳು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಗಟ್ಟಿ ಮೊಸರು. ಕನಕರಾಜ್ ಮೊದಲ ರೊಟ್ಟಿಯನ್ನು ಗಬಗಬನೆ ಮುಗಿಸಿದ. ಎರಡನೆಯದಕ್ಕೆ ಕೈ ಹಾಕುವಾಗ ಹಾಳು ಅಭ್ಯಾಸ ಬಾಯಿಗೆ ಬಂತು. "ಈ ಸೊಪ್ಪು ಯಾವಾಗಿಂದ್ರಿ ಅಕ್ಕಾರ?"

ದುರ್ಗಕ್ಕ ಸೆಟೆದು ನಿಂತಳು. "ಮುಂಜಾನಿ ಮೊದಲನೇ ಕಂಪ್ಲಿ ಬಸ್ಸಿಗೆ ಬಂದೈತಿ. ಹಂಪಕ್ಕ ತನ್ನ ಹೊಲದಾಗ ಕೊಯ್ದು ತಾನೇ ತರ್ತಾಳ. ಯಾಕ್ರಿ, ವಾಸನಿ ಬಂತೇನು?"

"ಹಂಗಲ್ರಿ. ಇಂಥ ಊಟ ಎರಡು ತಿಂಗಳಿಂದ ಊರೆಲ್ಲಾ ಹುಡ್ಕೀನ್ರಿ. ಬೋರ್ಡ್ ಮ್ಯಾಲ ಲೋಕಲ್ ಅಂತ ಐತಲ್ಲ, ಅದಕ್ಕ ಈ ಕಡೆ ತಲಿ ಹಾಕಿದ್ದಿಲ್ಲ."

"ಅದಕ್ಕೇನಾಗೈತಿ? ನನ್ನ ತಂಗಿ ಮಗಳು ರಮಾ ಬರ್ಸ್ಯಾಳ. ಎಂ.ಕಾಂ. ಓದ್ಯಾಳ. ಇಲ್ಲೇ ಬೆಳೆದದ್ದು ಅಂತ ಅರ್ಥ ಅಂತ, ದೊಡ್ಡ ಊರಾಗ ಲೋಕಲ್ ಅಂದ್ರ ಮುಗಿಬಿದ್ದು ಬರ್ತಾರಂತ." ಆಕೆಯ ದನಿ ಇಳಿಯಿತು. "ಇಲ್ಲಿ ನೋಡಿದ್ರ ಬೋರ್ಡ್ ಹಾಕಿದ ಮ್ಯಾಲ ಬರೋರೂ ಬಿಟ್ರು."

ಕನಕರಾಜ್ ಬೇರಿಂಗಿನ ಮಾತು ಹೇಳಿದ. ಕೇಳುತ್ತ ಕೇಳುತ್ತ ದುರ್ಗಕ್ಕ ಬಾಗಿಲ ಚೌಕಟ್ಟು ಹಿಡಿದು ನಗತೊಡಗಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಕೇಳಿದ್ದೇವೆ. ಇಲ್ಲಿ ಮದ್ದಿಗೇ ಹಿತ್ತಲು ಎಂದು ಹೆಸರಿಟ್ಟು ಕೂತಿದ್ದರು. ಮೂರನೆಯ ದಿನಕ್ಕೆ ರಮಾ ತಾನೇ ಏಣಿ ಹತ್ತಿ ಬೋರ್ಡು ತಿದ್ದಿದಳು: 'ದುರ್ಗಕ್ಕನ ನಮ್ಮ ಕಡೆ ಊಟ'. ಯಲ್ಲೇಶನೇ ಬಸ್ಸಿನಿಂದ ಮೊದಲ ಗಿರಾಕಿಗಳನ್ನು ದಬ್ಬಿಕೊಂಡು ಬಂದ.

ಆದರೆ ತಪಾಸಣೆಗೆ ಉಳಿದದ್ದು ಮೂವತ್ತೈದೇ ದಿನ. ಕನಕರಾಜನ ಸಂಗತಿ ಕೇಳಿದ ಮೇಲೆ ದುರ್ಗಕ್ಕ ಆ ಪರೀಕ್ಷೆಯನ್ನು ತಾನೇ ಬರೆಯುವವಳಂತೆ ಹಟ ಹಿಡಿದಳು. ಅನ್ನ ಒಂದು ಮುಷ್ಟಿ, ಅದೂ ಕೊನೆಗೆ. ಮಿರ್ಚಿ ಭಜಿಯ ಕಡೆ ಅವನು ನೋಡಿದರೆ ತಟ್ಟೆಯನ್ನೇ ಬೇರೆ ಟೇಬಲ್ಲಿಗೆ ಒಯ್ಯುವಳು. ರಾತ್ರಿಪಾಳಿಗೆ ಬುತ್ತಿ ಕಟ್ಟಿ ಕೊಡುವಳು. ವಿರುಪಮ್ಮನ ನಂಬರು ಇಸಿದುಕೊಂಡು, ಇಬ್ಬರು ಹೆಂಗಸರೂ ಅವನ ಬೆನ್ನ ಹಿಂದೆ ಅವನ ಹೊಟ್ಟೆಯ ವರದಿ ಹಂಚಿಕೊಳ್ಳತೊಡಗಿದರು. ಪಾಳಿ ಮುಗಿದ ಬೆಳಿಗ್ಗೆ ಅವನು ಹಂಪಕ್ಕನ ಸೊಪ್ಪಿನ ಗಂಟನ್ನು ಬಸ್ಸಿನಿಂದ ಇಳಿಸಿ ಹೊತ್ತು ತರುತ್ತಿದ್ದ. ಇಬ್ಬನಿಯಿಂದ ಭುಜ ತೊಯ್ಯುತ್ತಿತ್ತು, ಅದು ಅವನಿಗೆ ಹಿತವಾಗಿತ್ತು.

ತಪಾಸಣೆಗೆ ರಕ್ತ ಕೊಟ್ಟ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಮರುದಿನ ಮಧ್ಯಾಹ್ನ ಡಾಕ್ಟರು ಕಾಗದವನ್ನು ಎರಡು ಸಲ ನೋಡಿದರು. "ಏಳು ಪಾಯಿಂಟ್ ಎಂಟು. ಕೂದಲೆಳಿಯಾಗ ಪಾಸಾದ್ರಿ. ಯಾವ ಡಯಟೀಷಿಯನ್‌ಗ ತೋರಿಸಿದ್ರಿ?"

"ಲೋಕಲ್ ರೀ ಸರ್" ಎಂದ ಕನಕರಾಜ್. ಡಾಕ್ಟರು 'ಫಿಟ್' ಎಂದು ಬರೆದು ಸಹಿ ಹಾಕಿದರು.

ಹೊಸಪೇಟೆಯಲ್ಲಿ ಇಳಿದಾಗ ಮೂರೂವರೆ ದಾಟಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಹೊಂದಿಸಿಕೊಂಡು ಬಂದಿದ್ದ. ಧನ್ಯವಾದ ಎನ್ನುವುದು ಮೈಕಿನ ಮುಂದಿನ ಮಾತು. ಥ್ಯಾಂಕ್ಸ್ ಎನ್ನುವುದು ಸೂಪರ್‌ವೈಸರಿಗೆ. ಹೊಟ್ಟೆಗೆ ಹಾಕಿ ಕೆಲಸ ಉಳಿಸಿಕೊಟ್ಟವಳಿಗೆ ಯಾವ ಮಾತು ಹೇಳುವುದು?

ಖಾನಾವಳಿ ಖಾಲಿಯಾಗಿತ್ತು. ಅಡುಗೆಮನೆಯ ನೆಲದ ಮೇಲೆ ದುರ್ಗಕ್ಕ ಊಟಕ್ಕೆ ಕುಳಿತಿದ್ದಳು. ತಟ್ಟೆಯಲ್ಲಿ ಬೆಳಗಿನ ಮುರಿದ ರೊಟ್ಟಿಯ ಚೂರು, ತಳ ಕೆರೆದ ಪಲ್ಯ ಒಂದು ಚಮಚ. ಇಷ್ಟು ದಿನದಲ್ಲಿ ಆಕೆ ಉಣ್ಣುವುದನ್ನು ತಾನು ಒಮ್ಮೆಯೂ ನೋಡಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು.

"ಫಿಟ್ ಅಂತ ಬರ್ಕೊಟ್ರು ಅಕ್ಕಾರ. ನಾಳಿಂದ ಕ್ರೇನ್ ಹತ್ತತೀನಿ."

"ಯವ್ವಾ ಹುಲಿಗೆಮ್ಮ, ಕಣ್ಣು ತಗದಿ!" ಆಕೆ ಎಂಜಲ ಕೈ ಹಾಗೇ ಹಣೆಗೆತ್ತಿದಳು. ಮರುಗಳಿಗೆ ಏಳಲು ಹೊರಟಳು. "ಕುಂದ್ರಿ, ನಿಮ್ಮ ಪಾಲು ತಗದಿಟ್ಟೀನಿ."

ಒಲೆಯ ಪಕ್ಕ ಒಂದು ತಟ್ಟೆ ಮುಚ್ಚಿಟ್ಟಿತ್ತು. ಕನಕರಾಜ್ ತಾನೇ ಹೋಗಿ ಮುಚ್ಚಳ ತೆಗೆದ. ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ಮೆತ್ತನೆಯ ರೊಟ್ಟಿ, ಬಟ್ಟಲು ತುಂಬ ಪಲ್ಯ, ಬಿಡಿಸಿ ತೊಳೆದ ಮೆಂತ್ಯ. ದಿನಾ ತಾನು ಉಂಡದ್ದು ಇದು. ದಿನಾ ಆಕೆ ಉಂಡದ್ದು ಅದು. ಕಣ್ಣು ತುಂಬಿ ಬಂದರೂ ಒರೆಸಿಕೊಳ್ಳಲಿಲ್ಲ. ಕೈ ತೊಳೆದು, ತಟ್ಟೆ ಎತ್ತಿಕೊಂಡು ಬಂದು ಆಕೆಯ ಮುಂದೆ ಬಗ್ಗಿದ.

"ಏ, ಅದು ನಿಮ್ದ್ರಿ!"

"ಹೌದು, ನಂದು. ಅದಕ್ಕ ನಾ ನೀಡಾಕತ್ತೀನಿ."

"ಬ್ಯಾಡ್ರಿ, ಸಾಕು. ನಂಗ ಇಷ್ಟ ರೂಢಿ." ದುರ್ಗಕ್ಕ ತಟ್ಟೆಗೆ ಕೈ ಅಡ್ಡ ಹಿಡಿದಳು.

ಕನಕರಾಜ್ ರೊಟ್ಟಿ ಹಿಡಿದು ಬಗ್ಗಿಯೇ ನಿಂತ. ಹೊರಗೆ ಯಾವುದೋ ಬಸ್ಸು ಹಾರ್ನ್ ಹಾಕಿ ಹೋಯಿತು. ತಟ್ಟೆಯ ಮೇಲಿನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಮೆಲ್ಲಗೆ ಪಕ್ಕಕ್ಕೆ ಸರಿಯಿತು.